ದನಿಯೂ ಇಲ್ಲ, ಕಾಗದವೂ ಇಲ್ಲ

ಹಾಲೇಶ ಕೆಟ್ಟವನಲ್ಲ ಎಂದು ಗಜೇಂದ್ರಗಡದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳಲಿ ಬಿಡಿ, ಹೇಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅವನು ಬೀಡಿ ಸೇದುತ್ತಿರಲಿಲ್ಲ, ಪರರ ಮನೆಯ ಹೆಣ್ಣುಮಕ್ಕಳತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ, ಹಿರಿಯರು ಎದುರಾದರೆ ಗಾಡಿ ನಿಲ್ಲಿಸಿ ಮಾತಾಡಿಸಿಯೇ ಮುಂದೆ ಹೋಗುತ್ತಿದ್ದ. ಇಷ್ಟಕ್ಕೇ ಮನುಷ್ಯ ಒಳ್ಳೆಯವನಾಗುವುದಾದರೆ ಹಾಲೇಶ ಅಪ್ಪಟ ಚಿನ್ನ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವನು ಬಸ್ ನಿಲ್ದಾಣದ ಎದುರಿಗೆ ಕಂಪ್ಯೂಟರ್ ಕ್ಲಾಸು ತೆರೆದ. ರಾಜೂರ, ಸೂಡಿ, ಜಕ್ಕಲಿಯ ಗೋಡೆಗಳಿಗೆಲ್ಲ ಪೋಸ್ಟರ್ ಹಚ್ಚಿಸಿದ: ‘ಏನೂ ಬಾರದವರಿಗೂ ಇಂಟರ್‌ನೆಟ್ ಮತ್ತು ಇ-ಮೇಲ್. ಮುಂದಿನ ಸೋಮವಾರದಿಂದ.’ ಜನ ಬಂದರು. ಸೋಮವಾರವೂ ಬಂತು. ಇಂಟರ್‌ನೆಟ್ ಮಾತ್ರ ಬರಲಿಲ್ಲ. ಗಟಾರ ತೋಡುವವರು ರವಿವಾರವೇ ರಸ್ತೆಯಡಿಯ ಟೆಲಿಫೋನ್ ಕೇಬಲ್ ಕಡಿದು ಹಾಕಿ, ಏನೂ ಆಗದವರ ಹಾಗೆ ಮಣ್ಣು ಮುಚ್ಚಿ ಹೋಗಿದ್ದರು. ಆ ಸಾಲಿನ ಅಂಗಡಿಗಳ ಫೋನುಗಳೆಲ್ಲ ಮೂಕವಾಗಿದ್ದವು. ಇಂಟರ್‌ನೆಟ್ಟೂ ಅದೇ ಕೇಬಲ್ಲಿನಲ್ಲಿ ಬರಬೇಕು ಎಂಬುದು ಕಲಿಯಲು ಬಂದವರಿಗೆ ಗೊತ್ತಿರಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ‘ನಾಳೆ ಆಗತೈತಿ’ ಎಂಬ ಉತ್ತರ ಹಾಲೇಶನಿಗೆ ದಿನವೂ ಸಿಗುತ್ತಿತ್ತು.

ಲೈನ್ ಬಂದ ಮೇಲೆ ಬನ್ನಿ ಎಂದು ಕೈಮುಗಿದು ಹೇಳಿದ್ದರೆ ಯಾರೂ ಅವನನ್ನು ನುಂಗುತ್ತಿರಲಿಲ್ಲ. ಆದರೆ ಪೋಸ್ಟರ್ ಹಚ್ಚಿಸಿದ ಮನುಷ್ಯನಿಗೆ ಮರ್ಯಾದೆಯದೇ ಚಿಂತೆ. ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಪ್ಲೈವುಡ್ ಪಾರ್ಟಿಶನ್ ಹಿಂದೆ ಅವನದೊಂದು. ರಾತ್ರಿ ಕೂತು ಎಲ್ಲವನ್ನೂ ವೈರಿನಿಂದ ಜೋಡಿಸಿದ. ನೋಡಲು ಥೇಟ್ ಇ-ಮೇಲ್‌ನಂತೆಯೇ ಇರುವ ಒಂದು ಪ್ರೋಗ್ರಾಮ್ ಹಾಕಿದ. ಮುಂದೆ ಕೂತವರು ಹುಬ್ಬಳ್ಳಿಗೆ ಕಳಿಸಲಿ, ಮುಂಬೈಗೆ ಕಳಿಸಲಿ, ಅದು ಗೋಡೆಯಾಚೆ ಹೋಗುತ್ತಿರಲಿಲ್ಲ, ಪಾರ್ಟಿಶನ್ ಹಿಂದಿನ ಅವನ ಯಂತ್ರಕ್ಕೆ ಬಂದು ಬೀಳುತ್ತಿತ್ತು. ಕಲಿಯುವುದಕ್ಕೆ ಇಷ್ಟು ಸಾಕಲ್ಲ, ಲೈನ್ ಬಂದ ಮೇಲೆ ಖರೇದ್ದು ಕೊಟ್ಟರಾಯಿತು ಎಂದುಕೊಂಡ. ಅಲ್ಲಿಗೆ ನಿಲ್ಲಿಸಿದ್ದರೂ ಪರವಾಗಿರಲಿಲ್ಲ.

ರಾಜೂರಿನ ಶಿವನಪ್ಪ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಬಂದು ಕೂರುತ್ತಿದ್ದ ದೊಡ್ಡ ಮನುಷ್ಯ. ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಹುಬ್ಬಳ್ಳಿಯ ಅಳಿಯನಿಗೆ ಕ್ಷೇಮಸಮಾಚಾರ ಬರೆದು ಕಳಿಸಿ, ಪರದೆಯನ್ನೇ ನೋಡುತ್ತ ಕೂತ.

“ಸರ್, ಜವಾಬು ಯಾವಾಗ ಬರತೈತ್ರಿ?”

“ಬರತೈತ್ರಿ ಯಜಮಾನ್ರ, ಅವ್ರು ನೋಡಬೇಕಲ್ರಿ.”

ಮರುದಿನವೂ ಶಿವನಪ್ಪ ಅದನ್ನೇ ಕೇಳಿದ. ಉಳಿದವರೂ ಕೇಳತೊಡಗಿದರು. ಒಬ್ಬರಿಗೂ ಜವಾಬು ಬಾರದ ಇ-ಮೇಲ್ ಯಾವ ಸೀಮೆಯದು ಎಂಬ ಗುಸುಗುಸು ಎದ್ದಿತು. ಆಗ ಹಾಲೇಶ ಪಾರ್ಟಿಶನ್ ಹಿಂದೆ ಹೋಗಿ, ‘ನಿಮ್ಮ ಮೇಲ್ ಮುಟ್ಟಿತು. ಎಲ್ಲರೂ ಆರಾಮ ಇದ್ದೇವೆ’ ಎಂದು ಅಳಿಯನ ಹೆಸರಿನಲ್ಲಿ ಬರೆದ. ಈಚೆ ಶಿವನಪ್ಪ ಕೂತಲ್ಲೇ ಹಿಗ್ಗಿ ಹೀರೇಕಾಯಿಯಾದ. ಸಂಜೆಯೊಳಗೆ ಎಲ್ಲರಿಗೂ ಜವಾಬು ಬಂದವು. ಎಲ್ಲರ ಮಂದಿಯೂ ಆರಾಮವಾಗಿದ್ದರು. ಯಾವ ಅಳಿಯನೂ ಮಾವನ ಪತ್ರದ ಲೆಕ್ಕ ಇಡುವುದಿಲ್ಲ ಎಂಬ ಧೈರ್ಯ ಹಾಲೇಶನಿಗೆ. ಅವನಿಗೆ ಒಳಗೊಳಗೇ ನಗುವೂ ಬಂತು.

ಮದರಬಿ ಕ್ಲಾಸಿಗೆ ಬಂದದ್ದು ಆ ವಾರವೇ. ನೇಕಾರ ಸುಭಾನಸಾಬರ ಹಿರಿಯ ಮಗಳು, ನಲವತ್ತರ ಹತ್ತಿರದ ಹೆಂಗಸು. ತಾಯಿ ತೀರಿಕೊಂಡ ಮೇಲೆ ಲಗ್ನ ಬೇಡವೆಂದು, ತಂಗಿ ಸಾಬೀರಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದಳು. ಒಳಗೆ ಬಂದವಳೇ ಹೆಸರು ಬರೆಸುವ ಮೊದಲು ನಿಂತುಕೊಂಡೇ ಕೇಳಿದಳು.

“ಸರ್, ಇದರೊಳಗ ದನಿ ಹೋಗತೈತೇನ್ರಿ?”

“ಇಲ್ರಿ ಅಕ್ಕಾರ. ಬರೇ ಅಕ್ಷರ ಹೋಗತಾವು.”

“ಕಾಗದ?”

“ಕಾಗದ ಎಲ್ಲಿಂದ ಬರಬೇಕ್ರಿ ಇದರಾಗ?”

“ಹಂಗಾರ ನನ್ನ ಹೆಸರ ಬರಕೋರಿ,” ಎಂದಳು.

ಅವಳ ಕತೆ ಓಣಿಗೆಲ್ಲ ಗೊತ್ತಿದ್ದದ್ದೇ, ಹಾಲೇಶನಿಗೂ ಗೊತ್ತಿತ್ತು. ಐದು ವರ್ಷದ ಹಿಂದೆ ಸಾಬೀರಾ ಇಚಲಕರಂಜಿಯ ಶಾಹೀದನನ್ನು ಮದುವೆಯಾಗಿ ಹೋಗಿಬಿಟ್ಟಿದ್ದಳು. ಹುಡುಗ ಒಳ್ಳೆಯವನೇ, ಆದರೆ ಅವನ ಮನೆತನದ್ದು ಪವರ್‌ಲೂಮ್. ಸುಭಾನಸಾಬರು ಹುಟ್ಟಿದಾಗಿನಿಂದ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರು. “ನಮ್ಮ ಮಗ್ಗಾ ಮುರದ ಮಂದಿ ಮನಿಗೆ ಹೋದಳು” ಎಂದು ಗೋಡೆಗೆ ಹಣೆ ಚಚ್ಚಿಕೊಂಡರು. ಆಮೇಲೆ ಮದರಬಿಯ ಕೈಯನ್ನು ತಮ್ಮ ನೆತ್ತಿಯ ಮೇಲೆ ಇಡಿಸಿಕೊಂಡು ಆಣೆ ತೆಗೆದುಕೊಂಡರು. ಸಾಬೀರಾಳ ದನಿ ಅವಳ ಕಿವಿಗೆ ಬೀಳಬಾರದು, ಸಾಬೀರಾಳ ಕಾಗದ ಅವಳ ಕೈಗೆ ಬರಬಾರದು, ಬಂದರೆ ತಮ್ಮ ಹೆಣ ಕಂಡ ಹಾಗೆ. ಮದರಬಿ ಆ ಆಣೆಯನ್ನು ಮುರಿಯಲಿಲ್ಲ. ಫೋನ್ ಬಂದರೆ ಎದ್ದು ಹೊರಗೆ ಹೋದಳು, ಅಂಚೆಯವನು ತಂದ ಲಕೋಟೆಯನ್ನು ಮುಟ್ಟದೆ ವಾಪಸು ಕಳಿಸಿದಳು. ಮಗಳಂತೆ ಬೆಳೆಸಿದ ತಂಗಿ, ಕರುಳು ಕಿತ್ತು ಬರುತ್ತಿತ್ತು.

ಈಗ ಸುಭಾನಸಾಬರ ಎದೆ ಕೆಟ್ಟಿತ್ತು. ಗದುಗಿನ ದವಾಖಾನಿಯವರು ಮನೆಗೆ ಕರಕೊಂಡು ಹೋಗಿ ಎಂದಿದ್ದರು. ಸೀರೆ ವ್ಯಾಪಾರಿ ಖಾದರ ಇಚಲಕರಂಜಿಗೆ ಹೋಗಿಬಂದವನು, ಸಾಬೀರಾ ಅಲ್ಲಿ ಒಂದು ಬಟ್ಟೆಯಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ ಎಂದು ಹೇಳಿ ಅಂಗಡಿಯ ಕಾರ್ಡನ್ನು ಕೊಟ್ಟಿದ್ದ. ಅದರ ಮೇಲೆ ಫೋನ್ ನಂಬರಿತ್ತು, ಕೆಳಗೆ ಇ-ಮೇಲ್ ವಿಳಾಸವಿತ್ತು. ಇನ್ನೊಬ್ಬರ ಬಾಯಿಂದ ಕರೆಸಿದರೂ ಆಣೆಗೆ ಮೋಸ, ಆಣೆಯಲ್ಲಿ ಇಲ್ಲದ ದಾರಿ ಅದೊಂದೇ ಎಂದು ಮದರಬಿ ಪೋಸ್ಟರ್ ನೋಡಿದ ದಿನವೇ ಲೆಕ್ಕ ಹಾಕಿದ್ದಳು. ಅಪ್ಪನ ಕಣ್ಣು ಮುಚ್ಚುವ ಮೊದಲು ತಂಗಿ ಬಂದು ಮುಖ ತೋರಿಸಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸುವುದನ್ನು ಅವಳು ಬಲು ಬೇಗ ಕಲಿತಳು. ಮೊದಲ ಮೇಲ್ ಬರೆಯಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ‘ಸಾಬೀರಾ, ನಾನು ನಿನ್ನ ಆಪಾ. ಅಬ್ಬಾಗೆ ಆರಾಮಿಲ್ಲ. ನೀನು ಹೇಗಿದ್ದಿ? ಉಣ್ಣುತ್ತಿಯಾ?’

ಪಾರ್ಟಿಶನ್ ಹಿಂದೆ ಹಾಲೇಶ ಅದನ್ನು ಓದಿದ. ಹಲಗೆಯ ಸಂದಿಯಿಂದ ನೋಡಿದರೆ ಮದರಬಿ ಸೆರಗಿನ ತುದಿ ಕಚ್ಚಿಕೊಂಡು ಪರದೆಯ ಮುಂದೆ ಕೂತಿದ್ದಳು. ಅವಳ ಹಿಂದೆ ಶಿವನಪ್ಪ ನಿಂತು, “ಬರತೈತಿ ತಂಗಿ, ನನಗೂ ಬಂತು, ಗಾಬರಿ ಆಗಬ್ಯಾಡ” ಎಂದು ಧೈರ್ಯ ಹೇಳುತ್ತಿದ್ದ. ಹಾಲೇಶನ ಬೆರಳು ಆಡಿದವು. ‘ಅಕ್ಕಾ, ನಾನು ಆರಾಮ ಇದ್ದೇನೆ. ನಿನ್ನ ಮೇಲ್ ಓದಿ ಬಹಳ ಖುಷಿಯಾಯಿತು.’

ಆ ‘ಅಕ್ಕಾ’ ನೋಡಿ ಮದರಬಿ ಒಂದು ಕ್ಷಣ ತಡೆದಳು. ಸಾಬೀರಾ ಹುಟ್ಟಿದಾಗಿನಿಂದ ಕರೆದದ್ದು ಆಪಾ ಎಂದು. “ದೊಡ್ಡ ಊರಾಗ ಇದ್ದು ಮಾತ ಬದಲಾಗೈತಿ, ಪಾಪ” ಎಂದು ತಾನೇ ಸಮಾಧಾನ ಹೇಳಿಕೊಂಡು, ಸೆರಗಿನಿಂದ ಪರದೆಯ ಧೂಳು ಒರೆಸಿದಳು. ಆಮೇಲೆ ಅತ್ತಳು. ತಾನು ದೊಡ್ಡ ಪುಣ್ಯದ ಕೆಲಸ ಮಾಡಿದೆ ಎಂದೇ ಹಾಲೇಶನಿಗೆ ಅನಿಸಿತ್ತು, ಸುಡಲಿ ಆ ಪುಣ್ಯ.

ಮದರಬಿ ಮನೆಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಮರುದಿನ ಗಂಜಿ ಕುಡಿಸುವಾಗ ಸುಭಾನಸಾಬರು ಅವಳ ಮಣಿಕಟ್ಟು ಹಿಡಿದುಕೊಂಡರು.

“ದನಿ ಕೇಳಿದ್ಯಾ?”

“ಇಲ್ಲ ಅಬ್ಬಾ.”

“ಕಾಗದ ಮುಟ್ಟಿದ್ಯಾ?”

“ಇಲ್ಲ. ಬರೇ ಕನ್ನಡಿಯಂಥಾದ್ರಾಗ ಅಕ್ಷರ ಕಂಡ್ವು.”

“ಹಂಗಾರ ಆಣಿ ಹಂಗ ಐತಿ,” ಎಂದರು ಮುದುಕರು. ಆಮೇಲೆ ಮುಖ ಅತ್ತ ತಿರುಗಿಸಿ, “ಬಾ ಅಂತ ಬರಿ ಆಕಿಗೆ” ಎಂದರು.

ಮದರಬಿ ಅವತ್ತು ಕ್ಲಾಸಿಗೆ ಓಡಿಕೊಂಡೇ ಬಂದಳು. ಚಪ್ಪಲಿ ಎಲ್ಲಿ ಬಿಟ್ಟಳೋ ಅವಳಿಗೇ ಗೊತ್ತಿಲ್ಲ. ‘ಅಬ್ಬಾ ಬಾ ಅಂದಾರ. ಲಗೂ ಬಾ. ಯಾವತ್ತು ಬರ್ತಿ ಬರಿ.’ ಸುದ್ದಿ ತಿಳಿದು ನೇಕಾರ ಓಣಿಯ ಹೆಂಗಸರೂ ಜವಾಬು ನೋಡಲು ಬಾಗಿಲಲ್ಲಿ ಗುಂಪುಗೂಡಿದರು. ಅವರಲ್ಲಿ ಮೂವರು, ತಾವೂ ಕಲಿಯುತ್ತೇವೆ ಎಂದು ಆಗಲೇ ಹಾಲೇಶನಿಗೆ ಹೇಳಿದ್ದರು.

ಹಾಲೇಶ ‘ನೋಡುತ್ತೇನೆ’ ಎಂದು ಬರೆದ. ಮದರಬಿ ‘ನೋಡೂದಲ್ಲ, ಯಾವತ್ತು?’ ಎಂದು ಮತ್ತೆ ಕೇಳಿದಳು. ಹೊರಗೆ ಬಂದು ಎಲ್ಲರ ಮುಂದೆ, ತಾಯಿ, ಇದು ನಿನ್ನ ತಂಗಿಯಲ್ಲ, ನಾನು ಎಂದು ಹೇಳಲು ಹಾಲೇಶನಿಗೆ ಬಾಯಿತ್ತು, ಎದೆ ಇರಲಿಲ್ಲ. ನಾಳೆ ಲೈನ್ ಬಂದೇ ಬರುತ್ತದೆ, ಬಂದ ತಕ್ಷಣ ತಂಗಿಗೆ ಖರೇ ಮೇಲ್ ಕಳಿಸುತ್ತೇನೆ, ಅವಳು ಓಡಿ ಬರುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಗುಡಿ ಕಟ್ಟಿಕೊಂಡ. ‘ಶುಕ್ರವಾರ ಬರುತ್ತೇನೆ’ ಎಂದು ಬರೆದ. ಬಾಗಿಲಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಲೈನ್ ಬರಲಿಲ್ಲ. ಹಾಲೇಶನ ಜೇಬಿನಲ್ಲಿ ಆ ಅಂಗಡಿಯ ಫೋನ್ ನಂಬರಿತ್ತು, ಮದರಬಿಯ ಕಾರ್ಡಿನಿಂದ ಬರೆದುಕೊಂಡದ್ದು. ರೋಣ ರಸ್ತೆಯ ಎಸ್‌ಟಿಡಿ ಬೂತಿನ ಫೋನು ಚೆನ್ನಾಗಿಯೇ ಇತ್ತು. ಗುರುವಾರ ಅಲ್ಲಿಯವರೆಗೆ ಹೋದ. ಫೋನ್ ಮಾಡಿದರೆ ಸಾಬೀರಾ ಬಂದಾಳು, ಆದರೆ ಬಂದವಳು ನನಗೆ ಮೇಲೇ ಬಂದಿಲ್ಲ ಎಂದರೆ? ಬೂತಿನ ಪಕ್ಕದ ಅಂಗಡಿಯಲ್ಲಿ ನಿಂತು ಚಹಾ ಕುಡಿದ. ಕುಡಿದು ವಾಪಸು ಬಂದ. ನೋಡಿ, ಒಂದು ಫೋನು. ಒಂದೇ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು.

ಶುಕ್ರವಾರ ಸುಭಾನಸಾಬರು ದಾಡಿ ಮಾಡಿಸಿಕೊಂಡರು. ಹೊರಸನ್ನು ಪಡಸಾಲೆಗೆ ತರಿಸಿ, ಬಾಗಿಲ ಕಡೆ ಮುಖ ಮಾಡಿ ಮಲಗಿದರು. ಪ್ರತಿ ಬಸ್ಸಿನ ಹಾರ್ನ್ ಕೇಳಿದಾಗಲೂ “ಬಂದಳೇನು?” ಎಂದರು. ಸಂಜೆ ಮದರಬಿ ಕ್ಲಾಸಿಗೆ ಬಂದಳು. ಕೂತು ಬರೆಯಲೂ ಅವಳ ಕೈಗೆ ತಾಳ್ಮೆಯಿರಲಿಲ್ಲ. ಹಾಲೇಶ ಪಾರ್ಟಿಶನ್ ಹಿಂದಿನಿಂದ ‘ರಜೆ ಸಿಗಲಿಲ್ಲ, ರವಿವಾರ ಖಂಡಿತ’ ಎಂದು ಕಳಿಸಿದ. ಮದರಬಿ ಅದನ್ನು ಓದಿ, ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ಮುದುಕರು ರವಿವಾರದ ತನಕ ಇರುತ್ತೇನೆ ಎಂದರು.

ಇದ್ದರು ಕೂಡ. ರವಿವಾರ ಬೆಳಿಗ್ಗೆ ಬಾಗಿಲ ಕಡೆ ನೋಡುತ್ತಲೇ ಉಸಿರು ಬಿಟ್ಟರು.

ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಮಣ್ಣು ಮಾಡಬೇಕು ಎಂದರು ಮುಲ್ಲಾಸಾಬರು. ಹೆಣವನ್ನು ಕಾಯಿಸಬಾರದು, ಅದು ಪದ್ಧತಿಯಲ್ಲ. ಎಂದೂ ಯಾರಿಗೂ ಎದುರು ಮಾತಾಡದ ಮದರಬಿ ಹೆಣ ಹೊರುವ ಜನಾಜಾದ ಕಾಲು ಹಿಡಿದುಕೊಂಡು ಕೂತುಬಿಟ್ಟಳು.

“ಇವತ್ತ ಬರ್ತಾಳ್ರಿ. ಖಂಡಿತ ಅಂತ ಬರದಾಳ. ಒಂದ ಬಸ್ ನೋಡೂಣ್ರಿ.”

ಒಂದು ಬಸ್ ನೋಡಿದರು. ಇನ್ನೊಂದು ನೋಡಿದರು. ಹಿರಿಯರು ಬೈದರು, ಹೆಂಗಸರು ಅತ್ತರು. ಖಾದರ ಬಸ್ ನಿಲ್ದಾಣಕ್ಕೂ ಮನೆಗೂ ಸೈಕಲ್ ತುಳಿದು ತುಳಿದು ಸುಸ್ತಾದ. ಬಿಸಿಲಿಗೆ ಹೆಣ ಕಾಯುತ್ತಿತ್ತು. ಹಾಲೇಶ ತಲೆಗೆ ಕರವಸ್ತ್ರ ಕಟ್ಟಿಕೊಂಡು ಗಂಡಸರ ನಡುವೆ ನಿಂತಿದ್ದ. ಈ ಊರಿಗೆ ಬರುವ ಯಾವ ಬಸ್ಸಿನಲ್ಲೂ ಅವಳಿಲ್ಲ ಎಂದು ಗೊತ್ತಿದ್ದವನು ಅವನೊಬ್ಬನೇ. ಬಾಯಿ ಬಿಡಲಿಲ್ಲ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಹಿರಿಯರು ಮದರಬಿಯ ಕೈ ಬಿಡಿಸಿ ಜನಾಜಾ ಎತ್ತಿದರು. ಹಾಲೇಶ ಹೆಗಲು ಕೊಟ್ಟ, ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದ. ಅಲ್ಲಿಂದ ನೇರ ಕ್ಲಾಸಿಗೆ ಹೋಗಿ ಎಲ್ಲರ ಮೇಲ್‌ಗಳನ್ನೂ ಅಳಿಸಿ ಹಾಕಿದ.

ರಾತ್ರಿ ಖಾದರ ತಡೆಯಲಾಗದೆ ಇಚಲಕರಂಜಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ. ಮೂರನೆಯ ದಿನ, ಸತ್ತವರಿಗಾಗಿ ಮಾಡುವ ಜಿಯಾರತ್ ಪ್ರಾರ್ಥನೆಗೆ ಓಣಿಯೆಲ್ಲ ಸೇರಿದ್ದಾಗ ಸಾಬೀರಾ ಬಂದಳು. ಕೂದಲು ಕೆದರಿತ್ತು, ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗುವಿತ್ತು, ಹಿಂದೆ ಶಾಹೀದ ತಲೆ ತಗ್ಗಿಸಿಕೊಂಡು ನಿಂತಿದ್ದ. “ಆಪಾ” ಎಂದು ಓಡಿಬಂದವಳನ್ನು ಮದರಬಿ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ತಡೆದಳು.

“ಯಾಕ ಬಂದಿ? ಯಾವ ಶುಕ್ರವಾರ ಇದು?”

“ಯಾವ ಶುಕ್ರವಾರ ಆಪಾ? ನನಗ ಗೊತ್ತಾಗಿದ್ದ ಮೊನ್ನೆ ರಾತ್ರಿ. ಖಾದರಭಾಯಿ ಹೇಳಿದ ಮ್ಯಾಲೆ.”

“ನಾ ಬರದೀನಿ. ನೀ ಜವಾಬು ಕೊಟ್ಟಿ. ಶುಕ್ರವಾರ ಅಂದಿ, ರವಿವಾರ ಅಂದಿ.”

“ನನಗ ಒಂದೂ ಮೇಲ್ ಬಂದಿಲ್ಲ. ನಾ ಒಂದ ಅಕ್ಷರಾನೂ ಬರದಿಲ್ಲ. ಅಬ್ಬಾನ ಗೋರಿ ಆಣಿ ಮಾಡಿ ಹೇಳ್ತೀನಿ ಆಪಾ.”

“ಗೋರಿ ಆಣಿ ಮಾಡಬ್ಯಾಡ. ಬಾಯಿಗೆ ನೀರ ಹಾಕಿದಾಗೆಲ್ಲಾ ಬಂದಳೇನು ಅಂತ ಕೇಳಿದ ಮನಶಾ ಅಂವ.”

ಮದರಬಿಯ ಕಣ್ಣು ಗುಂಪಿನಲ್ಲಿ ಹುಡುಕಿ ಹಾಲೇಶನ ಮೇಲೆ ನಿಂತಿತು.

“ಸರ್, ನೀವು ಕಲ್ತವ್ರು. ನಿಮ್ಮ ಮುಂದನ ಆಗೇದ ಎಲ್ಲಾ. ಈಕಿ ಜವಾಬು ಬಂದಿದ್ದು ಖರೇನೋ ಸುಳ್ಳೋ, ನೀವ ಹೇಳ್ರಿ.”

ಸಾಬೀರಾಳೂ ತಿರುಗಿ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಆಸೆಯಿತ್ತು, ಈ ಮೇಷ್ಟ್ರು ಸತ್ಯ ಹೇಳಿಯಾರು ಎಂದು. ಪಕ್ಕದಲ್ಲೇ ಶಿವನಪ್ಪ ನಿಂತಿದ್ದ, ನೇಕಾರ ಓಣಿಯ ಹೆಂಗಸರು ನಿಂತಿದ್ದರು. ಅವತ್ತು ಬೆಳಿಗ್ಗೆಯೇ ಕೇಬಲ್ ರಿಪೇರಿಯಾಗಿ ಲೈನ್ ಬಂದಿತ್ತು, ಹಾಲೇಶ ಎಲ್ಲರಿಗೂ ಖರೇ ಇ-ಮೇಲ್ ಖಾತೆ ತೆರೆದು ಬಂದಿದ್ದ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಿದ್ದ ಹೊತ್ತು ಅದು.

“ಖರೇ ಅಕ್ಕಾರ,” ಎಂದ ಹಾಲೇಶ. “ಬಂದಿದ್ವು. ನಾ ಕಣ್ಣಾರೆ ನೋಡೀನಿ.”

“ತೋರಸ್ರಿ ಹಂಗಾರ,” ಎಂದಳು ಸಾಬೀರಾ.

“ಹೊಸಾ ಖಾತೆ ತಗದಾಗ ಹಳೇವೆಲ್ಲಾ ಹೋದ್ವುರಿ.” ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ: “ಮೇಲ್ ತಾನಾಗೇ ಬರೂದಿಲ್ರಿ. ಯಾರರ ಬರದ್ರನ ಬರತೈತಿ.”

ಮದರಬಿ ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದಳು. ಸಾಬೀರಾ ಬಾಗಿಲಿಗೆ ಹಣೆ ಹಚ್ಚಿ ಆಪಾ, ಆಪಾ ಎಂದು ಕರೆಯುತ್ತ ಕೂತಳು. ಮಗು ಅತ್ತಿತು. ಒಳಗೆ ಮದರಬಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳಂತೆ. ಆ ದನಿ ತನ್ನ ಕಿವಿಗೆ ಬೀಳಬಾರದು ಎಂದು ಆಣೆಯಿತ್ತಲ್ಲ. ಓಣಿಯ ಒಬ್ಬಳೂ ಸಾಬೀರಾಳಿಗೆ ಒಂದು ಲೋಟ ನೀರು ಕೊಡಲಿಲ್ಲ.

ಸಂಜೆ ಬಸ್ಸಿಗೆ ಹೋಗುವ ಮುನ್ನ ಅವಳು ಕ್ಲಾಸಿನ ಮೆಟ್ಟಿಲು ಹತ್ತಿ ಬಂದಳು. ಹಾಲೇಶ ಎದ್ದು ನಿಂತ, ಸಿಕ್ಕಿಬಿದ್ದೆ ಎಂದುಕೊಂಡ.

“ಸರ್, ನಮ್ಮ ಅಂಗಡ್ಯಾಗಿನವ್ರ ಯಾರೋ ನನ್ನ ಹೆಸರಲೇ ಬರದಿರಬೇಕ್ರಿ,” ಎಂದಳು ಸಾಬೀರಾ. ಅತ್ತು ಅತ್ತು ಅವಳ ದನಿ ಬಿದ್ದಿತ್ತು. “ನಾ ಬಿಟ್ಟರ ಇನ್ನೊಬ್ಬಾಕಿ ಅದಾಳ ಕಂಪ್ಯೂಟರ್ ಮುಂದ ಕುಂದ್ರಾಕಿ. ಆಕಿದ ಕೆಲಸ ಇರಬೇಕು.”

“ಇರಬಹುದ್ರಿ,” ಎಂದ ಹಾಲೇಶ.

“ಆಪಾನ ಮೇಲ್ ವಿಳಾಸ ಕೊಡ್ರಿ. ಎಲ್ಲಾ ಬಿಡಿಸಿ ಬರೀತೀನಿ. ಓದಿದ್ರ ಆಕಿಗೆ ತಿಳೀತೈತಿ.”

ಬೆಳಿಗ್ಗೆ ತಾನೇ ತೆರೆದ ಖಾತೆಯ ವಿಳಾಸವನ್ನು ಅವನು ಚೀಟಿಯಲ್ಲಿ ಬರೆದುಕೊಟ್ಟ. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಹೇಳಿ ಅವಳು ಬಸ್ ಹತ್ತಿದಳು.

ಮುಂದಿನ ವಾರ ಮದರಬಿ ಕ್ಲಾಸಿಗೆ ಬಂದಳು. ಅವಳ ಕುರ್ಚಿಯನ್ನು ಯಾರೂ ತೆಗೆದುಕೊಂಡಿರಲಿಲ್ಲ. ಕೂತು, ಹಾಲೇಶ ಮಾಡಿಟ್ಟಿದ್ದ ಹೊಸ ಖಾತೆಯನ್ನು ತಾನೇ ತೆರೆದು ನೋಡಿದಳು. ದಪ್ಪ ಅಕ್ಷರದಲ್ಲಿ ಸಾಬೀರಾಳ ಹೆಸರು ಒಂದರ ಕೆಳಗೊಂದು ನಿಂತಿತ್ತು. ಈ ಸಲ ಅವು ಇಚಲಕರಂಜಿಯಿಂದಲೇ ಬಂದಿದ್ದವು. ಹಾಲೇಶ ಅವಳ ಬೆನ್ನ ಹಿಂದೆ ನಿಂತಿದ್ದ. ಓದಲಿ, ಓದಿಬಿಡಲಿ ಎಂದು ಒಂದು ಮನಸ್ಸು ಬೇಡಿಕೊಂಡಿತು. ಓದದಿರಲಿ ಎಂದು ಇನ್ನೊಂದು.

“ಸರ್,” ಎಂದಳು ಮದರಬಿ, ತಿರುಗಿ ನೋಡದೆ. “ಇವನ್ನ ಓದದನ ತಗದ ಒಗ್ಯಾಕ ಬರತೈತೇನ್ರಿ? ಇನ್ನ ಮ್ಯಾಲೆ ಆಕಿ ಎಷ್ಟ ಬರದ್ರೂ ನನಗ ಕಾಣಬಾರದು. ಹಂಗ ಮಾಡೂದು ಐತೇನ್ರಿ ಇದರಾಗ?”

“ಐತ್ರಿ,” ಎಂದ.

“ಕಲಸ್ರಿ.”

ಅವನು ಕಲಿಸಿದ. ನಿಜವಾದ ಇಂಟರ್‌ನೆಟ್ ಮೇಲೆ ಅವಳಿಗೆ ಅವನು ಹೇಳಿಕೊಟ್ಟ ಮೊದಲ ಪಾಠ ಅದು. ಮೊದಲು ಹೆಸರಿನ ಪಕ್ಕದ ಚೌಕದಲ್ಲಿ ಗುರುತು ಹಾಕಬೇಕು, ಆಮೇಲೆ ಮೇಲಿನ ಗುಂಡಿ ಒತ್ತಬೇಕು, ಕಡೆಗೆ ಆ ವಿಳಾಸವನ್ನು ತಡೆಯುವ ಪಟ್ಟಿಗೆ ಸೇರಿಸಬೇಕು. ಖಂಡಿತವೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಏನು ಕೇಳುತ್ತದೆ ಎಂದಳು ಮದರಬಿ. ಹಾಲೇಶ ಕನ್ನಡದಲ್ಲಿ ಹೇಳಿದ. ಅವಳು ಹೌದು ಎಂಬುದನ್ನು ಒತ್ತಿದಳು. ಒಂದೂ ತಪ್ಪಿಲ್ಲದೆ, ಮೊದಲ ಸಲಕ್ಕೇ ಮಾಡಿ ಮುಗಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಬರೋಬ್ಬರಿ ಆತೇನ್ರಿ ಸರ್?”

“ಭಾಳ ಚಲೋ ಮಾಡಿದ್ರಿ ಅಕ್ಕಾರ,” ಎಂದ ಹಾಲೇಶ.